ಕಲ್ಲಿದ್ದಲಿನ ಜೊತೆ ಭತ್ತದ ಹುಲ್ಲು ಸುಟ್ಟರೆ ಮಾಲಿನ್ಯ ನಿಜವಾಗಿ ಇಳಿಯುತ್ತದಾ?

ಪ್ರಶ್ನೆ: ನಮ್ಮ ಮನೆ ಶಕ್ತಿನಗರದ ಹತ್ತಿರದ ಹಳ್ಳಿಯಲ್ಲಿದೆ. ಬೇಸಿಗೆ ಬಂತೆಂದರೆ ಮಾಳಿಗೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ ಬೂದಿ. ಥರ್ಮಲ್ ಕೇಂದ್ರಗಳಲ್ಲಿ ಇನ್ನು ಮೇಲೆ ಕಲ್ಲಿದ್ದಲಿನ ಜೊತೆ ಹುಲ್ಲು, ಹೊಟ್ಟಿನ ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಸುಡಬೇಕಂತೆ, ಅದರಿಂದ ಮಾಲಿನ್ಯ ಇಳಿಯುತ್ತದಂತೆ. ಹುಲ್ಲು ಸುಟ್ಟರೂ ಹೊಗೆ ಬರುತ್ತದಲ್ವಾ? ಅದನ್ನು ಇಂಗಾಲವೇ ಇಲ್ಲದ ಇಂಧನ ಎಂದು ಹೇಗೆ ಕರೆಯುತ್ತಾರೆ? ಬರೀ ಕಾಗದದ ಲೆಕ್ಕವೇ? ಇನ್ನೊಂದು: ಸಿಂಧನೂರು ಕಡೆ ನಮ್ಮ ಮಾವನವರ ಗದ್ದೆ ಇದೆ. ಪೆಲೆಟ್ ಮಾಡುವವರು ಹುಲ್ಲು ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಾಳಿಗೆ ಮೇಲಿನ ಬೂದಿಗೆ ಪೆಲೆಟ್ ಮದ್ದಲ್ಲ. ಗಂಧಕದ ಹೊಗೆ ಇಳಿಯುತ್ತದೆ, ಆದರೆ ಸ್ವಲ್ಪ. ಇಂಗಾಲದ ಲಾಭ ಮಾತ್ರ ನಿಜವಾದದ್ದೇ. ಅದು ಚಿಮಣಿಯಲ್ಲಿ ಕಾಣುವುದಿಲ್ಲ, ಗದ್ದೆಯಲ್ಲಿ ಹುಡುಕಬೇಕು. ಈ ಹುಲ್ಲು ಬಾಯ್ಲರಿಗೆ ಹೋಗದೆ ಇದ್ದಿದ್ದರೆ ಏನಾಗುತ್ತಿತ್ತು? ಲಾಭ ಎಷ್ಟು ಎನ್ನುವುದು ಈ ಪ್ರಶ್ನೆಯ ಮೇಲೆ ನಿಂತಿದೆ.

ನಿಯಮ ಏನು ಎಂದು ಚುಟುಕಾಗಿ ನೋಡೋಣ. ಕಲ್ಲಿದ್ದಲಿನ ಜೊತೆ ಕೃಷಿ ಉಳಿಕೆ ಸುಡಿ ಎಂದು ಕೇಂದ್ರ ಇಂಧನ ಸಚಿವಾಲಯ 2017ರಲ್ಲಿ ಸಲಹೆಯಂತೆ ಹೇಳಿತು. ಆ ವರ್ಷವೇ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ದಾದ್ರಿ (ಉತ್ತರ ಪ್ರದೇಶ) ಕೇಂದ್ರದಲ್ಲಿ ಪ್ರಯೋಗವೂ ನಡೆಯಿತು. 2021ರ ಅಕ್ಟೋಬರ್‌ನಲ್ಲಿ ಅದು ಕಡ್ಡಾಯವಾಯಿತು. ಗಡುವು ಮುಂದೆ ಹೋಗಿ, 2024-25ರಿಂದ ತೂಕದಲ್ಲಿ ಶೇ 5, 2025-26ರಿಂದ ಶೇ 7 ಎಂದು ನಿಗದಿಯಾಯಿತು. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಟ್ಟು ದೆಹಲಿಗೆ ಹೊಗೆ ಕವಿಯುವುದನ್ನು ತಡೆಯುವುದು ಮೂಲ ಉದ್ದೇಶ. ಆದರೆ ನಿಯಮ ದೇಶಕ್ಕೆಲ್ಲ ಬಂತು. ಹಾಗಾಗಿ ಶಕ್ತಿನಗರ, ಯರಮರಸ್, ಕುಡಿತಿನಿಯ ಥರ್ಮಲ್ ಕೇಂದ್ರಗಳೆಲ್ಲಕ್ಕೂ ಅದೇ ಗುರಿ ಬಂತು.

ಶೇ 5 ಅಂದರೆ ಎಷ್ಟು? ಶಕ್ತಿನಗರದ ರಾಯಚೂರು ಥರ್ಮಲ್ ಕೇಂದ್ರದಲ್ಲಿ (ಆರ್‌ಟಿಪಿಎಸ್) 210 ಮೆಗಾವ್ಯಾಟ್‌ನ ಏಳು ಘಟಕ, 250ರ ಒಂದು ಘಟಕ ಇವೆ. 210ರ ಒಂದು ಘಟಕ ದಿನವಿಡೀ ಪೂರ್ತಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ವಿದ್ಯುತ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಯೂನಿಟ್‌ಗೆ 700 ಗ್ರಾಂ ಹಿಡಿಯಿರಿ. ದಿನಕ್ಕೆ 3,500 ಟನ್ ಆಯಿತು. ಅದರಲ್ಲಿ ಶೇ 5 ಎಂದರೆ 175 ಟನ್ ಪೆಲೆಟ್. ಭತ್ತದ ಗದ್ದೆಯಿಂದ ಎಕರೆಗೆ 2 ಟನ್ ಹುಲ್ಲು ಸಿಕ್ಕಿದರೆ, ಒಂದೇ ಒಂದು ಘಟಕಕ್ಕೆ ದಿನಕ್ಕೆ ಸುಮಾರು 88 ಎಕರೆಯ ಹುಲ್ಲು ಬೇಕು. ವರ್ಷದಲ್ಲಿ 300 ದಿನ ಓಡಿದರೆ 26 ಸಾವಿರ ಎಕರೆ. ಈ ಲೆಕ್ಕ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಬೂದಿ. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಸರಾಸರಿ 36 ಎಂದರೆ ಆ ಒಂದು ಘಟಕದಿಂದ ದಿನಕ್ಕೆ 1,260 ಟನ್ ಬೂದಿ. ಭತ್ತದ ಹುಲ್ಲಿನಲ್ಲಿ ಬೂದಿ ಶೇ 15ರಿಂದ 20. ಶೇ 5 ಪೆಲೆಟ್ ಸೇರಿಸಿದರೆ ದಿನಕ್ಕೆ 35 ಟನ್‌ನಷ್ಟು ಬೂದಿ ಕಡಿಮೆ. ನೂರಕ್ಕೆ ಮೂರು ಪಾಲೂ ಇಲ್ಲ.

ಆದರೆ ಅಷ್ಟೂ ಬೂದಿ ಚಿಮಣಿಯಿಂದ ಹೊರಗೆ ಬರುವುದಿಲ್ಲ. ಐದನೇ ಒಂದು ಭಾಗ ಬಾಯ್ಲರ್ ಬುಡಕ್ಕೆ ಬೀಳುತ್ತದೆ. ಉಳಿದ ಸಾವಿರ ಟನ್ ಹಾರುಬೂದಿಯನ್ನು ಇಎಸ್‌ಪಿ ಹಿಡಿಯುತ್ತದೆ. ಹೆಚ್ಚು ವೋಲ್ಟೇಜಿನ ತಂತಿಗಳಿಂದ ಬೂದಿಯ ಕಣಕ್ಕೆ ವಿದ್ಯುದಂಶ ಕೊಟ್ಟು ತಗಡುಗಳಿಗೆ ಅಂಟಿಸಿಕೊಳ್ಳುವ ಯಂತ್ರ ಇದು. ಅದು ನೂರಕ್ಕೆ 99.9 ಹಿಡಿದರೆ ದಿನಕ್ಕೆ ಹೊರಗೆ ಹೋಗುವುದು 1 ಟನ್. 99.5ಕ್ಕೆ ಇಳಿದರೆ 5 ಟನ್. ಕಾಗದದ ಮೇಲೆ ಅರ್ಧ ಪಾಯಿಂಟೂ ಇಲ್ಲದ ವ್ಯತ್ಯಾಸ, ಊರಿನ ಮೇಲೆ ಐದು ಪಟ್ಟು ಬೂದಿ. ಇಎಸ್‌ಪಿಯ ಒಂದು ಫೀಲ್ಡ್ (ತಂತಿ-ತಗಡುಗಳ ಒಂದು ವಿಭಾಗ) ಕೆಟ್ಟು ನಿಂತರೆ ಆಗುವ ಹಾನಿಯ ಮುಂದೆ ಪೆಲೆಟ್‌ನ ಶೇ 3 ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಬೇಸಿಗೆಯಲ್ಲೇ ಜಾಸ್ತಿ ಎನ್ನುತ್ತೀರಿ. ಹಾಗಿದ್ದರೆ ಒಣಗಿದ ಬೂದಿ ಹೊಂಡದ ಕಡೆ, ಬೂದಿ ತುಂಬಿ ಓಡುವ ಲಾರಿಗಳ ಕಡೆ ಮೊದಲು ನೋಡಿ. ಯಾವ ದಿನ, ಗಾಳಿ ಯಾವ ಕಡೆಯಿಂದ, ಬೂದಿ ಎಷ್ಟು ಎಂದು ಒಂದು ತಿಂಗಳು ಬರೆದಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವಾಗ ಆ ಒಂದು ಹಾಳೆ ಹತ್ತು ಅರ್ಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗಂಧಕಕ್ಕೆ ಬರೋಣ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಶೇ 0.5ರ ಆಸುಪಾಸು. ಟನ್ ಸುಟ್ಟರೆ ಸುಮಾರು 10 ಕೆಜಿ ಸಲ್ಫರ್ ಡೈಆಕ್ಸೈಡ್. ಹುಲ್ಲಿನಲ್ಲಿ ಗಂಧಕ ಶೇ 0.1ರಷ್ಟು. ಟನ್‌ಗೆ 2 ಕೆಜಿ ಅಷ್ಟೇ. ಶೇ 5 ಬೆರೆಸಿದಾಗ ಟನ್ ಇಂಧನಕ್ಕೆ 10 ಇದ್ದದ್ದು 9.6 ಆಗುತ್ತದೆ. ಹುಲ್ಲಿನ ಬೂದಿಯಲ್ಲಿರುವ ಕ್ಷಾರ ಇನ್ನೊಂಚೂರು ಗಂಧಕ ಹಿಡಿದುಕೊಳ್ಳುತ್ತದೆ. ಒಟ್ಟು ಶೇ 4-5 ಇಳಿಕೆ ಎನ್ನಿ. ಇದನ್ನು ಚಿಮಣಿಯ ಮೀಟರ್ ಲೆಕ್ಕಕ್ಕೆ ತನ್ನಿ: ಘನ ಮೀಟರ್‌ಗೆ 1,800 ಮಿಲಿಗ್ರಾಂ ಇದ್ದದ್ದು 1,730ರ ಹತ್ತಿರ ಬಂತು. 2015ರ ಡಿಸೆಂಬರ್‌ನ ಮಾನದಂಡದಲ್ಲಿ 500 ಮೆಗಾವ್ಯಾಟ್‌ಗಿಂತ ಸಣ್ಣ ಹಳೆಯ ಘಟಕಗಳಿಗೆ ಮಿತಿ 600. ದೊಡ್ಡವಕ್ಕೆ 200. ಎಲ್ಲಿಯ 1,730, ಎಲ್ಲಿಯ 600! ಆ ಮಿತಿಗೆ ಇಳಿಯಬೇಕಾದರೆ ಸುಣ್ಣದ ಕಲ್ಲಿನ ನೀರಿನಲ್ಲಿ ಹೊಗೆ ತೊಳೆಯುವ ಎಫ್‌ಜಿಡಿಯೇ ಬೇಕು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಹುಪಾಲು ಘಟಕಗಳಿಗೆ ಎಫ್‌ಜಿಡಿಯಿಂದ ವಿನಾಯಿತಿ ಕೊಟ್ಟಿತು. ಅದು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಆದರೆ ಯಾರಾದರೂ ‘ಪೆಲೆಟ್ ಹಾಕುತ್ತೇವಲ್ಲ, ಎಫ್‌ಜಿಡಿ ಯಾಕೆ’ ಎಂದರೆ ಒಪ್ಪಬೇಡಿ. ಲೆಕ್ಕ ಕೂಡುವುದಿಲ್ಲ.

ನೈಟ್ರೋಜನ್ ಆಕ್ಸೈಡ್‌ಗಳು ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತವೆ. ಹುಲ್ಲಿನಲ್ಲಿ ಕಲ್ಲಿದ್ದಲಿಗಿಂತ ನೈಟ್ರೋಜನ್ ಕಡಿಮೆ, ಬೇಗ ಆವಿಯಾಗಿ ಉರಿಯುವ ಅಂಶ ಜಾಸ್ತಿ. ಬರ್ನರ್ ಬಾಯಲ್ಲೇ ಅದು ಆಮ್ಲಜನಕ ಹೀರಿಕೊಳ್ಳುತ್ತದೆ, ಆ ಜಾಗದಲ್ಲಿ ಆಕ್ಸೈಡ್ ಹುಟ್ಟುವುದು ಕಡಿಮೆಯಾಗುತ್ತದೆ. ಆದರೆ ಶೇ 5ರ ಮಿಶ್ರಣದಲ್ಲಿ ಗಾಳಿ ಬಿಡುವ ಆಪರೇಟರ್‌ನ ಕೈಚಳಕವೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ.

ಹುಲ್ಲಿಗೆ ತನ್ನದೇ ಒಂದು ಕೆಟ್ಟ ಗುಣ ಇದೆ. ಅದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ಅದರಲ್ಲಿ ಪೊಟ್ಯಾಷ್ ಮತ್ತು ಕ್ಲೋರಿನ್ ಎರಡೂ ಇವೆ. ನೀವು ಗದ್ದೆಗೆ ಹಾಕುವ ಕೆಂಪು ಪೊಟ್ಯಾಷ್ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡೇ. ಬೆಳೆ ಎರಡನ್ನೂ ಹೀರಿ ಹುಲ್ಲಿನಲ್ಲಿ ಇಟ್ಟುಕೊಳ್ಳುತ್ತದೆ. ಬಾಯ್ಲರಿನ ಬಿಸಿಗೆ ಈ ಉಪ್ಪು ಆವಿಯಾಗಿ, ಮುಂದೆ ತಣ್ಣಗಾದಾಗ ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳಾಗುತ್ತದೆ. ಇಎಸ್‌ಪಿಗೆ ಹಿಡಿಯಲು ತೀರಾ ಕಷ್ಟವಾಗುವುದು ಈ ಗಾತ್ರದ ಕಣಗಳೇ, ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇವೇ. ಅಂದರೆ ಒಟ್ಟು ಧೂಳಿನ ತೂಕ ಇಳಿದಾಗಲೂ ಅತಿ ಸಣ್ಣ ಧೂಳು ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕೆಂದಿಲ್ಲ. ಅದೇ ಉಪ್ಪು ಸೂಪರ್‌ಹೀಟರ್ ಕೊಳವೆಗಳ ಮೇಲೆ ಕೂತು ಲೋಹ ತಿನ್ನುತ್ತದೆ. 540 ಡಿಗ್ರಿ ಹಬೆ ಓಡುವ ಕೊಳವೆಗೆ ಇದು ಸಣ್ಣ ಮಾತಲ್ಲ.

ಇಲ್ಲಿ ಒಂದು ತಮಾಷೆ ಇದೆ. ನಾವು ದಿನಾ ಬೈಯುವ ನಮ್ಮ ಬೂದಿಗಟ್ಟಿ ಕಲ್ಲಿದ್ದಲೇ ಈ ತೊಂದರೆಯಿಂದ ಅರ್ಧ ಕಾಯುತ್ತದೆ. ಅದರ ಬೂದಿಯಲ್ಲಿ ಅಲ್ಯುಮಿನಾ, ಸಿಲಿಕಾ ಧಾರಾಳ. ಅವು ಪೊಟ್ಯಾಷನ್ನು ಹಿಡಿದು ಗಟ್ಟಿ ಖನಿಜವಾಗಿ ಕಟ್ಟಿಹಾಕುತ್ತವೆ. ಕಲ್ಲಿದ್ದಲಿನ ಗಂಧಕವೂ ಕ್ಲೋರೈಡನ್ನು ಸಲ್ಫೇಟ್ ಮಾಡುತ್ತದೆ, ಅದು ಲೋಹಕ್ಕೆ ಅಷ್ಟು ಕೆಟ್ಟದ್ದಲ್ಲ. ಹಾಗಾಗಿಯೇ ಬರೀ ಹುಲ್ಲು ಸುಡುವ ಸಣ್ಣ ಬಾಯ್ಲರುಗಳಲ್ಲಿ ಬೂದಿ ಕರಗಿ ಗಾಜಿನಂತೆ ಅಂಟಿಕೊಳ್ಳುವ ಕಾಟ ಜಾಸ್ತಿ, ಕಲ್ಲಿದ್ದಲಿನ ಜೊತೆ ಸ್ವಲ್ಪ ಸುಡುವುದರಲ್ಲಿ ಕಡಿಮೆ. ಡೆನ್ಮಾರ್ಕಿನ ಸ್ಟುಡ್‌ಸ್ಟ್ರುಪ್ ಕೇಂದ್ರದಲ್ಲಿ 1996ರಿಂದ 1998ರವರೆಗೆ ಗೋಧಿ, ಬಾರ್ಲಿಯಂಥ ಬೆಳೆಗಳ ಹುಲ್ಲನ್ನು ಶಾಖದ ಲೆಕ್ಕದಲ್ಲಿ ಶೇ 20ರವರೆಗೆ ಕಲ್ಲಿದ್ದಲಿನ ಜೊತೆ ಸುಟ್ಟು ನೋಡಿದರು. ಆಮೇಲೆ ವಾಣಿಜ್ಯವಾಗಿಯೂ ನಡೆಸಿದರು. ನಮ್ಮ ಶೇ 5-7ಕ್ಕೆ ಬಾಯ್ಲರ್ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಮಿಲ್ಲಿಗೆ ಮತ್ತು ಗೋದಾಮಿಗೆ. 210 ಮೆಗಾವ್ಯಾಟ್ ಘಟಕಗಳಲ್ಲಿ ಸಾಮಾನ್ಯವಾಗಿ ಬೌಲ್ ಮಿಲ್ ಇರುತ್ತದೆ. ಅದು ಕಲ್ಲಿದ್ದಲನ್ನು ಅರೆದು ಮೈದಾ ಹಿಟ್ಟಿನಷ್ಟು ನುಣುಪು ಮಾಡುತ್ತದೆ. ಪೆಲೆಟ್ ಹಾಗೆ ಪುಡಿಯಾಗುವುದಿಲ್ಲ. ನಾರು ನಾರಾಗಿ, ದಪ್ಪ ತುಣುಕಾಗಿ ಉಳಿಯುತ್ತದೆ. ದಪ್ಪ ತುಣುಕು ಪೂರ್ತಿ ಉರಿಯದೆ ಬುಡಕ್ಕೆ ಬೀಳುತ್ತದೆ, ಇಲ್ಲವೇ ಹಾರುಬೂದಿಯಲ್ಲಿ ಕರಿ ಆಗಿ ಸೇರುತ್ತದೆ. ಸಿಮೆಂಟಿಗೆ ಹೋಗುವ ಹಾರುಬೂದಿಯಲ್ಲಿ ಸುಡದ ಕರಿ ಶೇ 5 ದಾಟಬಾರದೆಂಬ ಭಾರತೀಯ ಮಾನಕ ಇದೆ. ಅದು ದಾಟಿದರೆ ಸಿಮೆಂಟಿನವರು ಬೂದಿ ಒಯ್ಯುವುದಿಲ್ಲ, ಬೂದಿ ಮತ್ತೆ ಹೊಂಡಕ್ಕೇ. ಮಿಲ್ಲಿನೊಳಗೆ ಬಿಸಿ ಗಾಳಿ ಬೇರೆ ಆಡುತ್ತಿರುತ್ತದೆ. ಹುಲ್ಲು ಕಲ್ಲಿದ್ದಲಿಗಿಂತ ಬೇಗ ಹೊತ್ತಿಕೊಳ್ಳುವ ವಸ್ತು. ಮಿಲ್ಲಿನ ಉಷ್ಣತೆ ಇಳಿಸದೆ ಪೆಲೆಟ್ ಜಾಸ್ತಿ ಹಾಕಿದರೆ ಬೆಂಕಿ ಬೀಳುತ್ತದೆ. ನಿಯಮ ಶೇ 5-7ರಲ್ಲಿ ನಿಂತಿರುವುದಕ್ಕೆ ಮುಖ್ಯ ಕಾರಣ ಇದು, ಪರಿಸರದ ಲೆಕ್ಕ ಅಲ್ಲ. ಟಾರಿಫೈ ಮಾಡಿದ ಪೆಲೆಟ್ ಇದಕ್ಕೆ ಒಂದು ದಾರಿ. ಗಾಳಿ ತಾಗದಂತೆ 250-300 ಡಿಗ್ರಿಯಲ್ಲಿ ಹುರಿದರೆ ಅದು ಕಲ್ಲಿದ್ದಲಿನಂತೆ ಪುಡಿಯಾಗುತ್ತದೆ, ನೀರೂ ಹೀರುವುದಿಲ್ಲ. ಬೆಲೆ ಮಾತ್ರ ಏರುತ್ತದೆ.

ಮಳೆಗಾಲದ ತೊಂದರೆ ನಮ್ಮ ರಾಜ್ಯದ್ದೇ ಆದದ್ದು. ಜುಲೈ-ಆಗಸ್ಟ್‌ನಲ್ಲಿ ಜಲವಿದ್ಯುತ್, ಗಾಳಿ ವಿದ್ಯುತ್ ಎರಡೂ ಜೋರಾಗಿರುತ್ತವೆ. ಆಗ ಆರ್‌ಟಿಪಿಎಸ್‌ನ ಘಟಕಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ಘಟಕ ನಿಂತರೆ ಪೆಲೆಟ್ ಗೋದಾಮಿನಲ್ಲೇ ಉಳಿಯಿತು. ತೇವ ಹೀರಿದ ಪೆಲೆಟ್ ಬಿಚ್ಚಿಕೊಂಡು ಪುಡಿಯಾಗುತ್ತದೆ, ಒಳಗೊಳಗೇ ಕುದಿಯುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ತೇವದ ಪೆಲೆಟ್ ಸುಟ್ಟರೆ ಶಾಖದ ಒಂದು ಪಾಲು ನೀರು ಒಣಗಿಸಲಿಕ್ಕೇ ಹೋಗುತ್ತದೆ. ಹೊಗೆ ಕಡಿಮೆ ಮಾಡಲು ಹಾಕಿದ ಇಂಧನಕ್ಕಾಗಿ ಇನ್ನಷ್ಟು ಕಲ್ಲಿದ್ದಲು ಸುಟ್ಟಂತೆ.

ಈಗ ನಿಮ್ಮ ಪ್ರಶ್ನೆಯ ತಿರುಳು: ಇದು ಕಾಗದದ ಲೆಕ್ಕವೇ?

ಒಂದು ಟನ್ ಕಲ್ಲಿದ್ದಲು ಸುಟ್ಟರೆ ಸುಮಾರು 1,400 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಟನ್ ಹುಲ್ಲಿನ ಪೆಲೆಟ್ ಸುಟ್ಟರೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಶಾಖಕ್ಕೆ ಹೋಲಿಸಿದರೆ ಹುಲ್ಲಿನದೇ ಕೂದಲೆಳೆಯಷ್ಟು ಜಾಸ್ತಿ. ಚಿಮಣಿಗೆ ಮೀಟರ್ ಇಟ್ಟವನಿಗೆ ಯಾವ ಇಳಿಕೆಯೂ ಕಾಣುವುದಿಲ್ಲ. ನಿಮ್ಮ ಅನುಮಾನ ಅಲ್ಲಿಯವರೆಗೆ ಸರಿ.

ವ್ಯತ್ಯಾಸ ಇರುವುದು ಆ ಇಂಗಾಲ ಬಂದ ಜಾಗದಲ್ಲಿ. ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದೆ ಮಣ್ಣಿನಡಿ ಸೇರಿದ ಇಂಗಾಲ. ಅಗೆಯದಿದ್ದರೆ ಅಲ್ಲೇ ಇರುತ್ತಿತ್ತು. ಹುಲ್ಲಿನ ಇಂಗಾಲ ನಾಲ್ಕೈದು ತಿಂಗಳ ಹಿಂದೆ ಗಾಳಿಯಿಂದಲೇ ಬಂದದ್ದು. ಸುಟ್ಟರೂ, ಕೊಳೆತರೂ, ದನ ತಿಂದರೂ ಬಹುಪಾಲು ಒಂದೆರಡು ವರ್ಷದಲ್ಲಿ ಗಾಳಿಗೇ ಮರಳುತ್ತದೆ. ಮುಂದಿನ ಬೆಳೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಅಂತಾರಾಷ್ಟ್ರೀಯ ಲೆಕ್ಕದ ಪದ್ಧತಿಯಲ್ಲಿ ಬಯೋಮಾಸ್‌ನ (ಹುಲ್ಲು, ಮರದಂಥ ಜೈವಿಕ ಇಂಧನದ) ಇಂಗಾಲವನ್ನು ವಿದ್ಯುತ್ ಕೇಂದ್ರದ ಖಾತೆಗೆ ಸೇರಿಸದೆ ಜಮೀನು-ಕಾಡಿನ ಖಾತೆಯಲ್ಲಿ ನೋಡುತ್ತಾರೆ. ವಿದ್ಯುತ್ ಖಾತೆಯಲ್ಲಿ ಸೊನ್ನೆ ಎಂದು ಬರೆದದ್ದನ್ನೇ ಜನ ಇಂಗಾಲವೇ ಇಲ್ಲ ಎಂದು ಓದುತ್ತಾರೆ. ಜಮೀನಿನ ಖಾತೆಯನ್ನೂ ತೆರೆದು ನೋಡದೆ ಆ ಸೊನ್ನೆಯನ್ನು ನಂಬುವುದು ತಪ್ಪು.

ತೆರೆದು ನೋಡೋಣ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ಕಾಲುವೆ ಭಾಗದಲ್ಲಿ ಭತ್ತ ಕೊಯ್ದ ಮೇಲೆ ಹುಲ್ಲಿಗೆ ಮೂರು ಗತಿ ಇವೆ.

ಮೊದಲನೆಯದು ಬೆಂಕಿ. ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆ ತುಂಬ ಚೆಲ್ಲಾಡುತ್ತದೆ, ಕೂಳೆ ಎತ್ತರಕ್ಕೆ ಉಳಿಯುತ್ತದೆ. ಮುಂದಿನ ನಾಟಿಗೆ ಅವಸರ. ಒಂದು ಕಡ್ಡಿ ಗೀರಿದರೆ ಮುಗಿಯಿತು. ಹಾಗೆ ಬಯಲಲ್ಲಿ ಸುಟ್ಟ ಒಂದು ಟನ್ ಹುಲ್ಲು 4ರಿಂದ 13 ಕೆಜಿ ಅತಿ ಸಣ್ಣ ಧೂಳು ಕೊಡುತ್ತದೆ. ಹುಲ್ಲು ಎಷ್ಟು ಒಣಗಿದೆ, ಬೆಂಕಿ ಧಗಧಗ ಉರಿಯಿತೋ ಹೊಗೆಯಾಡಿತೋ ಎನ್ನುವುದರ ಮೇಲೆ ಈ ಲೆಕ್ಕ ಏರಿಳಿಯುತ್ತದೆ. ಅದೇ ಟನ್ ಪೆಲೆಟ್ ಆಗಿ, ಘನ ಮೀಟರ್‌ಗೆ 50 ಮಿಲಿಗ್ರಾಂ ಧೂಳಿನ ಮಿತಿ ಪಾಲಿಸುವ ಇಎಸ್‌ಪಿ ಇರುವ ಬಾಯ್ಲರಿಗೆ ಹೋದರೆ ಚಿಮಣಿಯಿಂದ ಬರುವ ಧೂಳು 300 ಗ್ರಾಂ ಆಸುಪಾಸು. ಕಡಿಮೆಯೆಂದರೂ ಹತ್ತು ಪಟ್ಟು ವ್ಯತ್ಯಾಸ. ಬಯಲ ಬೆಂಕಿಯಲ್ಲಿ ಟನ್‌ಗೆ 2.7 ಕೆಜಿ ಮೀಥೇನ್ ಕೂಡ ಹೊರಡುತ್ತದೆ. ಅದು 75 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಸುಡಲಿದ್ದ ಹುಲ್ಲು ಬಾಯ್ಲರಿಗೆ ಹೋದರೆ ಕಲ್ಲಿದ್ದಲಿನ 1,400 ಕೆಜಿ ಉಳಿತಾಯದ ಜೊತೆ ಇದೂ ಉಳಿಯಿತು. ಇಡೀ ಯೋಜನೆಯಲ್ಲಿ ನನಗೆ ಪೂರ್ತಿ ಸಮಾಧಾನ ಕೊಡುವ ಲೆಕ್ಕ ಇದೊಂದೇ. ಆದರೆ ಗಮನಿಸಿ, ಧೂಳಿನ ಲಾಭ ಸಿಗುವುದು ಸಿಂಧನೂರಿನ ಗಾಳಿಗೆ. ಶಕ್ತಿನಗರದಲ್ಲಿರುವ ನಿಮಗೆ ಅಲ್ಲ.

ಎರಡನೆಯದು ಉಳುಮೆ. ಹುಲ್ಲನ್ನು ಮಣ್ಣಿಗೆ ಸೇರಿಸುವುದು ಒಳ್ಳೆಯದೇ. ಆದರೆ ಒದ್ದೆ ಹುಲ್ಲು ಸೇರಿಸಿ ತಕ್ಷಣ ನೀರು ನಿಲ್ಲಿಸಿದರೆ ಗಾಳಿಯಾಡದ ಕೆಸರಿನಲ್ಲಿ ಅದು ಕೊಳೆತು ಮೀಥೇನ್ ಜಾಸ್ತಿ ಬಿಡುತ್ತದೆ. ಎರಡು ಬೆಳೆಗಳ ನಡುವೆ ಒಣ ಅವಧಿ ಸಿಕ್ಕರೆ ಈ ತೊಂದರೆ ಕಡಿಮೆ.

ಮೂರನೆಯದು ಬಣವೆ, ಅಂದರೆ ದನದ ಬಾಯಿ. ಮೇವಾಗಬೇಕಿದ್ದ ಹುಲ್ಲನ್ನು ಬಾಯ್ಲರಿಗೆ ಹಾಕಿದರೆ ಇಂಗಾಲದ ಲೆಕ್ಕ ಏನೇ ಹೇಳಲಿ, ನಾನು ಅದನ್ನು ಲಾಭ ಎನ್ನುವುದಿಲ್ಲ. ಆ ಜಾಗಕ್ಕೆ ಬೇರೆ ಮೇವು ಎಲ್ಲಿಂದಲೋ ಬರಬೇಕು, ಅದಕ್ಕೂ ನೀರು, ಗೊಬ್ಬರ, ಡೀಸೆಲ್ ಬೇಕು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷದಲ್ಲಿ ದಿನಕ್ಕೆ 88 ಎಕರೆಯ ಹುಲ್ಲು ಒಂದು ಘಟಕಕ್ಕೆ ಹೋಗುತ್ತಿದ್ದರೆ ಮೇವಿನ ಬೆಲೆ ಎಲ್ಲಿಗೆ ಏರುತ್ತದೆ ಯೋಚಿಸಿ. ಜೋಳದ ಕಣಿಕೆಯನ್ನಂತೂ ಯಾರೂ ಪೆಲೆಟ್ ಮಾಡಬಾರದು. ಅದು ಮೇವೇ.

ಭತ್ತದ ಹೊಟ್ಟಿನ ಕಥೆ ಬೇರೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳು ಕುಸುಬಲಕ್ಕಿಗೆ ಭತ್ತ ಬೇಯಿಸಲು ತಮ್ಮ ಹೊಟ್ಟನ್ನೇ ಉರಿಸುತ್ತವೆ. ಉಳಿದದ್ದು ಇಟ್ಟಿಗೆ ಭಟ್ಟಿಗೆ, ಬೇರೆ ಬಾಯ್ಲರುಗಳಿಗೆ ಹೋಗುತ್ತದೆ. ಅದನ್ನು ಥರ್ಮಲ್‌ನವರು ಜಾಸ್ತಿ ಬೆಲೆಗೆ ಕೊಂಡರೆ ಭಟ್ಟಿಯವನು ಕಲ್ಲಿದ್ದಲಿಗೋ ಕಟ್ಟಿಗೆಗೋ ಹೋಗುತ್ತಾನೆ. ಒಂದು ಚಿಮಣಿಯಿಂದ ಇನ್ನೊಂದಕ್ಕೆ ಹೊಗೆ ವರ್ಗವಾಯಿತು ಅಷ್ಟೇ. ಇಂಥದ್ದನ್ನು ಬೇಕಾದರೆ ಕಾಗದದ ಲೆಕ್ಕ ಎನ್ನಿ.

ಹುಲ್ಲು ಸಾಗಿಸುವ ಲಾರಿಯ ಡೀಸೆಲ್ಲೇ ಲಾಭವೆಲ್ಲ ನುಂಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಸಿಂಧನೂರಿನಿಂದ ಶಕ್ತಿನಗರಕ್ಕೆ ಸುಮಾರು 100 ಕಿ.ಮೀ. 16 ಟನ್ ಪೆಲೆಟ್ ತುಂಬಿದ ಲಾರಿ ಹೋಗಿ ಬರಲು 50 ಲೀಟರ್ ಡೀಸೆಲ್ ಸುಟ್ಟರೆ 134 ಕೆಜಿ ಕಾರ್ಬನ್ ಡೈಆಕ್ಸೈಡ್. ಟನ್ ಪೆಲೆಟ್‌ಗೆ ಹತ್ತು ಕೆಜಿಯೂ ಬೀಳುವುದಿಲ್ಲ. ಹೆಚ್ಚು ತಿನ್ನುವುದು ಪೆಲೆಟ್ ಒತ್ತುವ ಯಂತ್ರ. ಟನ್‌ಗೆ 100 ಯೂನಿಟ್ ವಿದ್ಯುತ್ ಹಿಡಿದರೆ 80 ಕೆಜಿ. ಬೇಲರ್ (ಹುಲ್ಲನ್ನು ಒತ್ತಿ ಕಟ್ಟು ಮಾಡುವ ಯಂತ್ರ), ಟ್ರ್ಯಾಕ್ಟರ್ ಸೇರಿಸಿ ಒಟ್ಟು 120 ಕೆಜಿ ಎನ್ನಿ. 1,400ರಲ್ಲಿ ಅಷ್ಟು ಕಳೆದರೂ ಹತ್ತರಲ್ಲಿ ಒಂಬತ್ತು ಪಾಲು ಉಳಿಯಿತು. ಆದರೆ ಇದು ಬಿಸಿಲಲ್ಲಿ ಒಣಗಿದ ಹುಲ್ಲಿಗೆ. ಒದ್ದೆ ಹುಲ್ಲು ತಂದು ಒಲೆಯಲ್ಲಿ ಒಣಗಿಸಿದರೆ ಲೆಕ್ಕ ಕೆಡುತ್ತದೆ.

ಮರದ ಲೆಕ್ಕವೂ ಹುಲ್ಲಿನಂತಲ್ಲ. ಇಂಗ್ಲೆಂಡಿನ ಡ್ರ್ಯಾಕ್ಸ್ ಕೇಂದ್ರ ಮೊದಲು ಕಲ್ಲಿದ್ದಲಿನ ಜೊತೆ ಬಯೋಮಾಸ್ ಬೆರೆಸಿ ಸುಟ್ಟಿತು. ಆಮೇಲೆ ಆರರಲ್ಲಿ ನಾಲ್ಕು ಘಟಕಗಳನ್ನು ಪೂರ್ತಿ ಮರದ ಪೆಲೆಟ್‌ಗೆ ಬದಲಾಯಿಸಿತು. ಪೆಲೆಟ್ ಬಹುಪಾಲು ಅಮೆರಿಕದಿಂದ ಹಡಗಿನಲ್ಲಿ ಬರುತ್ತದೆ. ಕಡಿದ ಮರ ಮತ್ತೆ ಬೆಳೆದು ಆ ಇಂಗಾಲ ಎಳೆದುಕೊಳ್ಳಲು ದಶಕಗಳೇ ಬೇಕು, ಅದಕ್ಕೇ ಅಲ್ಲಿ ಜಗಳ ಇನ್ನೂ ನಿಂತಿಲ್ಲ. ನಮ್ಮ ಕಡೆಯ ಬಳ್ಳಾರಿ ಜಾಲಿ ಹಾಗಲ್ಲ. ಕಡಿದರೆ ಬುಡದಿಂದ ಚಿಗುರಿ ಕೆಲವೇ ವರ್ಷದಲ್ಲಿ ಮತ್ತೆ ಪೊದೆ. ಬೂದಿ ತೀರಾ ಕಡಿಮೆ, ಶಾಖ ನಮ್ಮ ಕಲ್ಲಿದ್ದಲಿಗಿಂತ ಜಾಸ್ತಿ. ಗೋಮಾಳ, ಕೆರೆಯಂಗಳ ತುಂಬಿರುವ ಜಾಲಿಯನ್ನು ಇದಕ್ಕೆ ಬಳಸಿದರೆ ನನಗೆ ತಕರಾರಿಲ್ಲ. ಇದ್ದಿಲು ಸುಟ್ಟು ಬದುಕುವವರ ಪಾಲನ್ನು ಕಿತ್ತುಕೊಳ್ಳಬಾರದು, ಅಷ್ಟೇ.

ಒಂದು ಮಾತನ್ನು ಥರ್ಮಲ್ ಕೇಂದ್ರದವರು ಒಪ್ಪಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಎರಡು ಸೂಪರ್‌ಕ್ರಿಟಿಕಲ್ (ತುಂಬ ಹೆಚ್ಚು ಒತ್ತಡದ ಹಬೆಯಲ್ಲಿ ಓಡುವ) ಘಟಕಗಳಿವೆ. ಹಳೆಯ 210ರ ಘಟಕಕ್ಕೆ ಹೋಲಿಸಿದರೆ ಅಂಥ ಘಟಕ ಅದೇ ಯೂನಿಟ್‌ಗೆ ಶೇ 8-10ರಷ್ಟು ಕಡಿಮೆ ಕಲ್ಲಿದ್ದಲು ಸುಡುತ್ತದೆ. ಹಳೆಯ ಘಟಕದಲ್ಲಿ ಶೇ 5 ಪೆಲೆಟ್ ಬೆರೆಸುವುದಕ್ಕಿಂತ, ಆ ವಿದ್ಯುತ್ತನ್ನು ಹೊಸ ಘಟಕದಲ್ಲಿ ತೆಗೆದರೆ ಇಂಗಾಲ, ಗಂಧಕ, ಬೂದಿ ಮೂರೂ ಹೆಚ್ಚು ಇಳಿಯುತ್ತವೆ. ಪೆಲೆಟ್ ಹಾಕುವುದು ಬೇಡ ಎಂದಲ್ಲ. ಯಾವ ಕೆಲಸ ಎಷ್ಟು ತೂಗುತ್ತದೆ ಎಂದು ತಿಳಿದಿರಲಿ.

ಕೊನೆಗೆ ಮಾವನವರ ಹುಲ್ಲು. ಮೊದಲು ಮನೆಯ ದನಗಳಿಗೆ ಒಂದೂವರೆ ವರ್ಷಕ್ಕಾಗುವಷ್ಟು ತೆಗೆದಿಡಲಿ. ಕಾಲುವೆ ನೀರನ್ನು ಪೂರ್ತಿ ನಂಬುವ ಕಾಲ ಇದಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದದ್ದು ನೆನಪಿದೆಯಲ್ವಾ? ಬೆಳೆ ಇಲ್ಲದಿದ್ದರೆ ಹುಲ್ಲೂ ಇಲ್ಲ. ಉಳಿದದ್ದಕ್ಕೆ ಬೆಂಕಿ ಹಚ್ಚುವ ರೂಢಿ ಇದ್ದರೆ ಧಾರಾಳವಾಗಿ ಕೊಡಲಿ. ಉಳುಮೆ ಮಾಡಿ ಮಣ್ಣಿಗೆ ಸೇರಿಸುವ ರೂಢಿ ಇದ್ದರೆ ದರ ಕೇಳಿ ಯೋಚಿಸಲಿ.

ಯಾಕೆಂದರೆ ಹುಲ್ಲು ಪುಕ್ಕಟೆ ವಸ್ತು ಅಲ್ಲ. ಒಂದು ಟನ್ ಭತ್ತದ ಹುಲ್ಲಿನ ಜೊತೆ 14ರಿಂದ 20 ಕೆಜಿ ಪೊಟ್ಯಾಷ್, 5ರಿಂದ 8 ಕೆಜಿ ಸಾರಜನಕ ಹೊಲದಿಂದ ಹೊರಗೆ ಹೋಗುತ್ತದೆ. ಎಕರೆಗೆ 2 ಟನ್ ಕೊಟ್ಟರೆ 50 ಕೆಜಿಯ ಒಂದು ಚೀಲ ಪೊಟ್ಯಾಷ್ ಗೊಬ್ಬರ ಕೊಟ್ಟಂತೆ. ಸುಟ್ಟರೆ ಸಾರಜನಕ ಹೇಗೂ ಹೋಗುತ್ತದೆ, ಪೊಟ್ಯಾಷ್ ಮಾತ್ರ ಬೂದಿಯಲ್ಲಿ ಗದ್ದೆಯಲ್ಲೇ ಉಳಿಯುತ್ತದೆ. ಪೆಲೆಟ್‌ನವರು ಕೊಡುವ ದುಡ್ಡು ಆ ಚೀಲದ ಬೆಲೆಗಿಂತ ಜಾಸ್ತಿ ಇರಬೇಕು. ಕೂಳೆ ಕತ್ತರಿಸಿ ಬೇಲರ್ ಹೊಡೆಯುವ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ತೂಕ ಮಾಡುವಾಗ ತೇವ ಎಷ್ಟೆಂದು ಇಬ್ಬರೂ ನೋಡುವಂತಿರಲಿ, ಇಲ್ಲದಿದ್ದರೆ ಬಿಲ್ಲಿನಲ್ಲಿ ಕಡಿತ ಶುರುವಾಗುತ್ತದೆ. ಮಣ್ಣು ಸೇರಿದ ಬೇಲ್‌ಗೂ ತಕರಾರು ಬರುತ್ತದೆ. ಕೊಯ್ದ ಮೇಲೆ ಒಂದು ಹದ ಮಳೆ ಬಿದ್ದು ಮತ್ತೆ ಒಣಗಿದ ಹುಲ್ಲು ಬಾಯ್ಲರಿಗೆ ಇನ್ನೂ ಒಳ್ಳೆಯದು, ಯಾಕೆಂದರೆ ಪೊಟ್ಯಾಷ್, ಕ್ಲೋರಿನ್ ಎರಡೂ ತೊಳೆದು ಗದ್ದೆಗೇ ಇಳಿದಿರುತ್ತವೆ. ಡೆನ್ಮಾರ್ಕಿನವರು ಬೂದು ಬಣ್ಣಕ್ಕೆ ತಿರುಗಿದ ಇಂಥ ಹುಲ್ಲನ್ನೇ ಇಷ್ಟಪಡುತ್ತಾರೆ. ನಮ್ಮಲ್ಲಿ ಅಂಥ ಹುಲ್ಲನ್ನು ದನ ಮೂಸುವುದೂ ಇಲ್ಲ, ಹಾಗಾಗಿ ಮೇವಿಗೆ ನಷ್ಟವಿಲ್ಲ.

ಮಾವನವರಿಗೆ ಒಣ ಹೊಲವೂ ಇದ್ದು ಹತ್ತಿ ಹಾಕುತ್ತಿದ್ದರೆ, ಪೆಲೆಟ್‌ನವರಿಗೆ ಹುಲ್ಲಿಗಿಂತ ಮೊದಲು ಹತ್ತಿ ಕಟ್ಟಿಗೆ ತೋರಿಸಲಿ. ಬೂದಿ ಶೇ 3ರಿಂದ 6, ಕ್ಲೋರಿನ್ ಹುಲ್ಲಿಗಿಂತ ಕಡಿಮೆ, ಶಾಖ ನಮ್ಮ ಕಲ್ಲಿದ್ದಲಿಗೆ ಸಮ. ದನ ತಿನ್ನುವುದಿಲ್ಲ. ಬದುವಿನಲ್ಲಿ ರಾಶಿ ಹಾಕಿಟ್ಟರೆ ಅದರ ಒಣ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಕೂತಿದ್ದು ಮುಂದಿನ ಬೆಳೆಗೆ ಬರುತ್ತದೆ. ಕೊನೆಯ ಬಿಡಿಸು ಮುಗಿದ ತಕ್ಷಣ ಕಿತ್ತು, ಹೊಲದಲ್ಲೇ ಯಂತ್ರದಿಂದ ಚೂರು ಮಾಡಿ ಒಯ್ಯುವವರು ಸಿಕ್ಕರೆ ದರ ಸ್ವಲ್ಪ ಕಡಿಮೆಯಾದರೂ ಕೊಡಬಹುದು.